ಸಂಜಯ ಇದ್ದಷ್ಟು ಹೊತ್ತು

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ನಮ್ಮೂರ ರಂಗಮಂದಿರದಲ್ಲಿ ‘ಎಲ್ಲರಿಗೂ ನಾಟಕ’. ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಅಂತಲೇ ಏರ್ಪಾಡು ಎಂದು ಫ್ಲೆಕ್ಸಿನಲ್ಲಿತ್ತು. ಪಕ್ಕದ ಮನೆಯ ಸಂಗೀತದ ಮೇಷ್ಟ್ರಿಗೆ ಕಣ್ಣಿಲ್ಲ. ಫ್ಲೆಕ್ಸ್ ಓದಿ ಹೇಳಿ ಕರೆದುಕೊಂಡು ಹೋದ ತಪ್ಪು ನನ್ನದೇ.

ಮೇಷ್ಟ್ರನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಕಾಣದವರಿಗೆ ಮೊದಲ ಸಾಲು ಯಾಕೆ ಅಂತೀರಾ? ಫೋಟೋಗೆ ಚೆನ್ನಾಗಿ ಬರುತ್ತೆ. ಕಿವಿ ಕೇಳದ ಮಕ್ಕಳು ಹಿಂದೆ. ವೇದಿಕೆಯ ಮೂಲೆಯಲ್ಲಿ ಸಂಜ್ಞೆ ಭಾಷೆಯ ಹೆಣ್ಣುಮಗಳು.

ಅಧ್ಯಕ್ಷರು 40 ನಿಮಿಷ ಮಾತಾಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕಲೆ ಅಂಗವಿಕಲರಿಗೂ ದಕ್ಕಬೇಕು ಅನ್ನುವ ಅದರ 29ನೇ ಸೆಕ್ಷನ್, ಎಲ್ಲಾ ಬಂತು. ಆಕೆ ಒಂದೂ ಬಿಡದೆ ಕೈಯಲ್ಲೇ ಹೇಳಿದಳು. ಭಾಷಣ ಮುಗಿದದ್ದೇ ಬ್ಯಾಗ್ ಹೆಗಲಿಗೇರಿಸಿದಳು.

“ನಾಟಕಕ್ಕೆ ಯಾರು?” ಅಂದೆ.

“ಭಾಷಣಕ್ಕೆ ಮಾತ್ರ ಕರೆಸಿದ್ದು ಸರ್. ನಾಟಕದಲ್ಲಿ ಆಕ್ಷನ್ ಇರುತ್ತಲ್ಲ, ಮಕ್ಕಳಿಗೆ ಗೊತ್ತಾಗುತ್ತೆ” ಅಂದರು ಸಂಘಟಕರು.

ಪೌರಾಣಿಕ ನಾಟಕ ಸ್ವಾಮಿ! ಒಬ್ಬರು ನಿಂತು ಹಾಡೋದು, ಇನ್ನೊಬ್ಬರು ನಿಂತು ಕೇಳೋದು. ಅಷ್ಟೇ ಆಕ್ಷನ್ನು.

ಲೈಟ್ ಆರಿತು. ಕತ್ತಲಲ್ಲಿ ಮಕ್ಕಳಿಗೆ ತಮ್ಮತಮ್ಮಲ್ಲಿ ಮಾತಾಡೋಕೂ ಆಗದು, ಕೈ ಕಾಣಬೇಕಲ್ವಾ? ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಾಕಿದ. ಸ್ವಯಂಸೇವಕ ಓಡಿ ಬಂದು ಬಾಯಿ ಮೇಲೆ ಬೆರಳಿಟ್ಟು ‘ಶ್’ ಅಂದ. ನಾಟಕದುದ್ದಕ್ಕೂ ಆ ಮಕ್ಕಳಿಗೆ ಸಿಕ್ಕ ಸಂಜ್ಞೆ ಅದೊಂದೇ.

ಇತ್ತ ಮೇಷ್ಟ್ರು, “ಈಗ ಬಂದದ್ದು ಯಾರು?” ಅಂತ ಕೇಳುವುದು, ನಾನು ಪಿಸುಗುಟ್ಟುವುದು, ಹಿಂದಿನವರು ಗದರುವುದು. ಹಿಂದಿನ ರೂಮಿನಲ್ಲಿ ಒಬ್ಬರು ಮೈಕ್ ಹಿಡಿದು ನಡೆಯುತ್ತಿರುವುದನ್ನು ಹೇಳುತ್ತಾ ಹೋಗಿ, ಇವರಿಗೆ ಇಯರ್‌ಫೋನ್ ಕೊಟ್ಟಿದ್ದರೆ ಸಾಕಿತ್ತು. ಆದರೆ ದುಡ್ಡೆಲ್ಲ ಶಾಲು, ಹಾರಕ್ಕೇ ಆಗಿಹೋಗಿತ್ತು. ಮೇಷ್ಟ್ರು ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅಲ್ಲಿ ನಾಟಕ ಬರೆದರು, ಕಂಪನಿಯನ್ನೇ ನಡೆಸಿದರು. ನಮ್ಮೂರಲ್ಲಿ ಕಣ್ಣಿಲ್ಲದವರು ನಾಟಕಕ್ಕೆ ಬಂದು ಕೂರುವುದೇ ದೊಡ್ಡ ಸಾಹಸ.

ಅಷ್ಟರಲ್ಲಿ ಧೃತರಾಷ್ಟ್ರನ ಸೀನು. ಎರಡೂ ಕಣ್ಣು ಚೆನ್ನಾಗಿರುವ ನಟ ಕಣ್ಣು ಮುಚ್ಚಿ ಕೂತ. ಯಾರ ರಥ ಮುರಿಯಿತು, ಯಾರು ಬಿದ್ದರು ಅಂತ ಸಂಜಯ ಬಿಡಿಸಿ ಬಿಡಿಸಿ ಹೇಳಿದ. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. “ಇವನು ಚೆನ್ನಾಗಿ ಹೇಳ್ತಾನೆ ಕಣಯ್ಯಾ!”

ಐದೇ ನಿಮಿಷ. ಸಂಜಯ ಒಳಗೆ ಹೋದ.

ಕೊನೆಗೆ ಮೇಷ್ಟ್ರಿಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಆಟೋದಲ್ಲಿ ಅದನ್ನು ಕಿವಿಗಿಟ್ಟುಕೊಂಡರು.

“ಇದು ನಡೀತಿದೆಯಾ?”

“ಸೆಲ್ ಹಾಕಿಲ್ಲ ಮೇಷ್ಟ್ರೇ.”