ಬೀಗದ ಚಿತ್ರ ನೋಡಿ ನಂಬಬೇಡಿ

ಟ್ರಾಫಿಕ್ ದಂಡದ ಹೆಸರಲ್ಲಿ ಬರುವ ನಕಲಿ ಲಿಂಕ್ ಬಗ್ಗೆ ನೀವು ಲೇಖನ ಬರೆದಿದ್ದು ಒಳ್ಳೇದಾಯ್ತು. ಆದರೆ ಅದರಲ್ಲಿನ 'ಬ್ರೌಸರ್‌ನಲ್ಲಿ ಬೀಗದ ಚಿತ್ರ ಇದ್ದರೆ ಸೈಟ್ ಸುರಕ್ಷಿತ' ಅನ್ನೋ ಮಾತು ಒಪ್ಪಲಾರೆ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು, ಆ ಬೀಗದ ಅರ್ಥ ಅಷ್ಟೇ. ಸೈಟೇ ಕಳ್ಳನದಾದರೆ? ಆ ಬೀಗ ಬರಲು ಬೇಕಾದ ಸರ್ಟಿಫಿಕೇಟ್ ಅವನಿಗೂ ಪುಕ್ಕಟೆ ಸಿಗುತ್ತದೆ.

ನೋಡಬೇಕಾದ್ದು ಸೈಟ್ ಹೆಸರಿನ ಕೊನೆಯನ್ನು. ಇ-ಚಲನ್‌ನ, ಅಂದರೆ ಆನ್‌ಲೈನ್ ಟ್ರಾಫಿಕ್ ದಂಡದ ಅಸಲಿ ಸೈಟಿನ ಹೆಸರು 'ಪರಿವಾಹನ್ ಡಾಟ್ ಗವ್ ಡಾಟ್ ಇನ್' (parivahan.gov.in) ಎಂದು ಮುಗಿಯುತ್ತದೆ. ಶುರುವಿನಲ್ಲಿ ಮಾತ್ರ 'ಪರಿವಾಹನ್' ಇದ್ದು ಕೊನೆಗೆ ಬೇರೇನೋ ಇದ್ದರೆ ಮುಟ್ಟಲೇಬೇಡಿ.

ಇನ್ನೊಂದು ವಿಷಯ ಲೇಖನದಲ್ಲಿ ಬಂದಿಲ್ಲ. ಟ್ರಾಫಿಕ್ ದಂಡದ ಹೆಸರಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್, ಅಂದರೆ ಮೊಬೈಲ್‌ಗೆ ಆ್ಯಪ್ ಹಾಕುವ ಫೈಲ್ ಬರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ ಎಸ್ಎಂಎಸ್ ಓದಲು ಅನುಮತಿ ಕೊಟ್ಟರೆ ಮುಗೀತು, ಒಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದಲ್ಲಿ ಕೊಟ್ಟ ಹಾಗೆ ಅರ್ಧ ದಂಡದ ರಿಯಾಯಿತಿ ಬಂದಾಗಂತೂ ಜನ ಆತುರದಲ್ಲಿರುತ್ತಾರೆ, ಅಲ್ವಾ?

ದುಡ್ಡು ಹೋಯ್ತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಬೇರೆ ಬೇರೆ ಖಾತೆಗೆ ಹಂಚಿಹೋಗುವ ಮುಂಚೆ ತಡೆಹಿಡಿಯುವ ಅವಕಾಶ ಇರುತ್ತದೆ. ನಾಚಿಕೊಂಡು ಸುಮ್ನೆ ಕೂತವರೇ ಜಾಸ್ತಿ ಕಳೆದುಕೊಳ್ಳೋದು.