ಆಂಪ್ಲಿಫೈಯರ್‌ನ ಫ್ಯೂಸ್ ಬದಲಾಯಿಸಿದರೆ ಹಾಡು ಬದಲಾಗುತ್ತಾ?

ಪರ: ಒಂದು ಕಡೆಯಾದರೂ ವ್ಯತ್ಯಾಸ ಇದೆ

ಹಾಡನ್ನು ಜೋರು ಮಾಡಿ ಸ್ಪೀಕರ್‌ಗೆ ಕಳಿಸುವ ಆಂಪ್ಲಿಫೈಯರ್‌ನಲ್ಲಿ (ಆಂಪ್) ಮಾಮೂಲಿ ಫ್ಯೂಸ್ ತೆಗೆದು ಬೆಳ್ಳಿ ತಂತಿಯ ದುಬಾರಿ ಫ್ಯೂಸ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ ಅಂತ ಕೆಲವರು ನಂಬುತ್ತಾರೆ, ಈ ವಾದ ಅದರ ಮೇಲೆ. ವಿರೋಧದ ಪಕ್ಷವನ್ನು ಇನ್ನೊಬ್ಬರು ಮೊದಲೇ ಹಿಡಿದಿದ್ದರಿಂದ ನನ್ನ ಪಾಲಿಗೆ ಉಳಿದದ್ದು ಇದು. ಆದರೂ ಹೇಳೋಕೆ ಏನೂ ಇಲ್ಲ ಅಂತಲ್ಲ.

ಫ್ಯೂಸ್ ಅಂದರೆ ಬೇಕಂತಲೇ ತೆಳುವಾಗಿ ಮಾಡಿದ ತಂತಿ. ಕರೆಂಟ್ ಜಾಸ್ತಿ ಹರಿದರೆ ಅದು ಬಿಸಿಯಾಗುತ್ತದೆ, ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಏರುತ್ತದೆ. ಕೆಲವು ಹಳೇ ಆಂಪ್‌ಗಳಲ್ಲಿ ಸ್ಪೀಕರ್‌ಗೆ ಹೋಗುವ ದಾರಿಯಲ್ಲೇ ಒಂದು ಫ್ಯೂಸ್ ಇರುತ್ತದೆ. ಅಲ್ಲಿ ಹಾಡಿನ ಕರೆಂಟೇ ಅದರೊಳಗಿಂದ ಹಾಯಬೇಕು. 20 ಹರ್ಟ್ಸ್ ಆಸುಪಾಸಿನ ಬೇಸ್ ನಿಧಾನಕ್ಕೆ ಏರಿಳಿಯುವುದರಿಂದ, ಪ್ರತಿ ಏರಿಳಿತದಲ್ಲೂ ಆ ತಂತಿಗೆ ಒಂಚೂರು ಬಿಸಿಯಾಗಿ ತಣ್ಣಗಾಗಲು ಸಮಯ ಸಿಗುತ್ತದೆ. ಹಾಡಿನ ಜೊತೆ ಅದರ ರೆಸಿಸ್ಟೆನ್ಸೂ ಕುಣಿಯುತ್ತದೆ. ಇದು ಯಾರದೋ ಕಲ್ಪನೆ ಅಲ್ಲ, ಅಳೆದು ತೋರಿಸಬಹುದಾದ ಡಿಸ್ಟಾರ್ಷನ್, ಅಂದರೆ ಹಾಡಿನ ರೂಪ ಕೆಡುವುದು.

ನನ್ನ ಆಂಪ್‌ನದೇ ಕಥೆ ಹೇಳ್ತೀನಿ. ಬಲಗಡೆ ಸ್ಪೀಕರ್ ಆಗಾಗ ಕರಕರ ಅನ್ನುತ್ತಿತ್ತು. ಮುಚ್ಚಳ ತೆಗೆದರೆ ಫ್ಯೂಸಿನ ಎರಡೂ ತುದಿ ಕಂದು ತಿರುಗಿತ್ತು, ಕ್ಲಿಪ್ ಸಡಿಲವಾಗಿತ್ತು. ಒರೆಸಿ, ಕ್ಲಿಪ್ಪನ್ನು ಸ್ವಲ್ಪ ಒತ್ತಿ, ಒಳ್ಳೆಯ ಫ್ಯೂಸ್ ಹಾಕಿದೆ. ಕರಕರ ನಿಂತಿತು. ಫ್ಯೂಸಿನಿಂದಲೋ ಒರೆಸಿದ್ದರಿಂದಲೋ ಅಂತ ಕೇಳಬೇಡಿ, ಎರಡನ್ನೂ ಒಂದೇ ಸಂಜೆ ಮಾಡಿದ್ದೆ.

ಕರೆಂಟು ಈ ದಿಕ್ಕಿಗೇ ಹರಿಯಬೇಕು ಅಂತ ಮೇಲೆ ಬಾಣ ಬರೆದು ಮಾರುವ ಫ್ಯೂಸ್‌ಗಳ ಪರವಾಗಿಯೂ ವಾದಿಸು ಅಂದರೆ ಮಾತ್ರ ನನ್ನನ್ನು ಬಿಟ್ಟುಬಿಡಿ.

ವಿರೋಧ: ಫ್ಯೂಸ್ ಇರೋದೇ ಸುಡೋದಕ್ಕೆ

ಇಪ್ಪತ್ತು ವರ್ಷದಿಂದ ಆಂಪ್ ರಿಪೇರಿ ಮಾಡ್ತಿದ್ದೇನೆ. ಅದಕ್ಕೇ ಈ ವಿಷಯ ಬಂದರೆ ನನಗೆ ಸುಮ್ನೆ ಇರೋಕಾಗಲ್ಲ.

ಗೋಡೆಯೊಳಗೆ ಎಷ್ಟೋ ಮೀಟರ್ ಮಾಮೂಲಿ ತಾಮ್ರದ ತಂತಿ ಓಡಿರುತ್ತದೆ. ಅದನ್ನೆಲ್ಲ ಹಾದು ಬಂದ ಕರೆಂಟು, ಕೊನೆಗೆ 20 ಮಿಲಿಮೀಟರ್ ಉದ್ದದ ಒಂದು ಕೊಳವೆಯಲ್ಲಿ ಬೆಳ್ಳಿ ತಂತಿ ಕಂಡ ಕೂಡಲೇ ಪುನೀತವಾಗಿಬಿಡುತ್ತದಂತೆ! ಬಾಣದ ಗುರುತಂತೂ ಇನ್ನೂ ಚೆನ್ನ. ಸೆಕೆಂಡಿಗೆ 50 ಸಲ ಹೋಗಿ ಬರುವ ಕರೆಂಟಿಗೆ ಯಾವ ದಿಕ್ಕು ಸ್ವಾಮಿ? ಅಲ್ಲಿಂದ ಮುಂದೆ ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ರೆಕ್ಟಿಫೈಯರ್, ಅದನ್ನು ಕೂಡಿಟ್ಟುಕೊಳ್ಳುವ ಡಬ್ಬಿಯಂಥ ಕೆಪಾಸಿಟರ್‌ಗಳಿವೆ. ಹಾಡು ಕುಡಿಯೋದು ಆ ಡಬ್ಬಿಯಿಂದ, ಫ್ಯೂಸಿನಿಂದಲ್ಲ. ಸ್ಪೀಕರ್ ದಾರಿಯ ಫ್ಯೂಸ್ ಅಂತ ಇವರು ಏನೋ ಹೇಳಿದ್ದಾರೆ, ಇರಲಿ, ಜನ ದುಡ್ಡು ಸುರಿಯುತ್ತಿರೋದು ಅದಕ್ಕಲ್ಲ, ಗೋಡೆಯ ಕರೆಂಟು ಆಂಪ್‌ಗೆ ಒಳಬರುವ ಕಡೆಯ ಫ್ಯೂಸಿಗೆ.

ಫ್ಯೂಸ್ ನಮಗೆ ಚೀಟಿ ಬರೆದಿಟ್ಟು ಸಾಯುತ್ತದೆ. ಗಾಜು ಸ್ವಚ್ಛವಾಗಿದ್ದು ತಂತಿ ನಡುವೆ ಮೆಲ್ಲಗೆ ಕಡಿದಿದ್ದರೆ, ಭಾರ ಸ್ವಲ್ಪವೇ ಜಾಸ್ತಿಯಾಗಿತ್ತು ಅಂತ. ಒಳಗೆಲ್ಲ ಕನ್ನಡಿ ಬಳಿದ ಹಾಗೆ ಮಿನುಗುವ ಕಪ್ಪು ಕಂಡರೆ ಶಾರ್ಟ್ ಆಗಿದೆ, ಹೊಸ ಫ್ಯೂಸ್ ಹಾಕೋಕೆ ಅವಸರ ಮಾಡಬೇಡ ಅಂತ. ಈ ದುಬಾರಿ ಫ್ಯೂಸ್‌ಗಳಲ್ಲಿ ಬಹಳಷ್ಟಕ್ಕೆ ಒಳಗೆ ಕಾಣದ ಮೈ. ಚೀಟಿ ಓದೋದು ಹೇಗೆ?

ಒಬ್ಬರು ಸತ್ತ ಆಂಪ್ ತಂದಿದ್ದರು. ಹೋಲ್ಡರ್ ಪಕ್ಕದಲ್ಲೇ 'ಟಿ 2 ಎ' ಅಂತ ಅಚ್ಚಾಗಿತ್ತು. 2 ಎ ಅಂದರೆ 2 ಆಂಪಿಯರ್, ಟಿ ಅಂದರೆ ತಡವಾಗಿ ಸುಡುವುದು. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಗಬಕ್ಕನೆ ಎಳೆಯುವ ಕರೆಂಟನ್ನು ಅದು ತಾಳಿಕೊಳ್ಳುತ್ತದೆ. ಆ ಜಾಗದಲ್ಲಿ 5 ಆಂಪಿಯರ್‌ನ ಚಿನ್ನದ ಟೋಪಿಯ ಫ್ಯೂಸ್ ಕೂತಿತ್ತು. ದೊಡ್ಡದು ಹಾಕಿದರೆ ಸೌಂಡು ಬಿಚ್ಚಿಕೊಳ್ಳುತ್ತೆ ಅಂತ ಯಾರೋ ಹೇಳಿದ್ದರಂತೆ. 230 ವೋಲ್ಟಿನಲ್ಲಿ 2 ಆಂಪಿಯರ್ ಅಂದರೆ 460 ವ್ಯಾಟ್, 5 ಅಂದರೆ 1150. ಒಳಗೆ ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. ಫ್ಯೂಸ್ ಅಲ್ಲಾಡಲಿಲ್ಲ, ಟ್ರಾನ್ಸ್‌ಫಾರ್ಮರ್ ಬೆಂದುಹೋಯಿತು. ಸುಟ್ಟ ವಾರ್ನಿಷ್ ವಾಸನೆ ನನ್ನ ಬೆಂಚಿನಿಂದ ಒಂದು ವಾರ ಹೋಗಲಿಲ್ಲ.

ಫ್ಯೂಸ್ ತೆಗೆದು ಅವರ ಅಂಗೈಗಿಟ್ಟೆ. ಹೊಸದರ ಹಾಗೇ ಫಳಫಳ ಅನ್ನುತ್ತಿತ್ತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಇದನ್ನ ಇನ್ನೊಂದು ಆಂಪ್‌ಗೆ ಹಾಕಬಹುದು, ಅಲ್ವಾ?"