ಡಾರ್ಸೆಟ್‌ಶೈರ್ ನೀರಲ್ಲಿದ್ದವರನ್ನು ಬಿಟ್ಟು ಹೋದದ್ದು ಸರಿಯೇ?

ಪರ: ಹೋಗದೆ ಬೇರೆ ದಾರಿ ಇರಲಿಲ್ಲ

1941ರ ಮೇ 27. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್ ಅಟ್ಲಾಂಟಿಕ್‌ನಲ್ಲಿ ಮುಳುಗಿತು, ನೂರಾರು ನಾವಿಕರು ನೀರಿಗೆ ಬಿದ್ದರು. ಬ್ರಿಟನ್ನಿನ ಹೆವಿ ಕ್ರೂಸರ್ (ವೇಗದ ದೊಡ್ಡ ಯುದ್ಧನೌಕೆ) ಡಾರ್ಸೆಟ್‌ಶೈರ್ ಅಲ್ಲೇ ನಿಂತು, ಹಗ್ಗ ಇಳಿಬಿಟ್ಟು 80ಕ್ಕೂ ಜಾಸ್ತಿ ಜನರನ್ನು ಮೇಲೆ ಹತ್ತಿಸಿಕೊಂಡಿತು. ಅಷ್ಟರಲ್ಲಿ ಸಬ್‌ಮರೀನ್ ಅನುಮಾನ ಬಂತು. ಕ್ಯಾಪ್ಟನ್ ಮಾರ್ಟಿನ್ ಹಡಗು ಹೊರಡಿಸಿದರು.

ನಿಂತ ಹಡಗು ಟಾರ್ಪೆಡೊಗೆ ಸುಲಭದ ತುತ್ತು. 1914ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಕ್ರೂಸರ್ ಅಬೂಕಿರ್ ಮುಳುಗುವಾಗ ಅದರ ಜನರನ್ನು ಎತ್ತಲು ಜೊತೆಯ ಹಡಗುಗಳಾದ ಹೋಗ್ ಮತ್ತು ಕ್ರೆಸಿ ನಿಂತವು. ಒಂದೇ ಸಬ್‌ಮರೀನ್ ಮೂರನ್ನೂ ಮುಳುಗಿಸಿತು, 1,400ಕ್ಕೂ ಹೆಚ್ಚು ಜನ ಸತ್ತರು. ಮಾರ್ಟಿನ್ ಅನುಮಾನವೂ ಸುಮ್ನೆ ಹುಟ್ಟಿದ್ದಲ್ಲ. ಅದೇ ದಿನ ಆ ನೀರಿನಲ್ಲಿ ಮೂವರನ್ನು ಎತ್ತಿಕೊಂಡದ್ದು ಜರ್ಮನ್ ಸಬ್‌ಮರೀನ್ ಯು-74. ಹಗ್ಗ ಹಿಡಿದೇ ಇದ್ದವರ ಗತಿ ಏನು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕ್ಯಾಪ್ಟನ್ ಮೊದಲು ನೋಡಬೇಕಾದದ್ದು ತನ್ನ ಹಡಗಿನ ಜನರನ್ನು.

ವಿರೋಧ: ಹಗ್ಗ ಕೊಟ್ಟ ಮೇಲೆ ಬಿಡಬಾರದು

ಸಬ್‌ಮರೀನ್, ಸಬ್‌ಮರೀನ್! ಬಂದದ್ದು ಬರೀ ಅನುಮಾನ, ಟಾರ್ಪೆಡೊ ಒಂದೂ ಬರಲಿಲ್ಲ. ಬಿಸ್ಮಾರ್ಕ್‌ನಲ್ಲಿದ್ದ 2,200ಕ್ಕೂ ಹೆಚ್ಚು ಜನರಲ್ಲಿ ಕೊನೆಗೆ ಬದುಕಿದವರು 115 ಅಷ್ಟೇ.

ನಾನು ಮೀನುಗಾರರ ಮನೆಯವನು. ಒಂದು ಮಳೆಗಾಲದಲ್ಲಿ ಅಪ್ಪನ ದೋಣಿ ಅಳಿವೆ ಬಾಯಲ್ಲಿ ಮಗುಚಿತು. ನೀರಿನ ಮೇಲೆಲ್ಲ ಡೀಸೆಲ್. ಮೊದಲು ಬಂದ ಬೋಟಿನವರು ಹಗ್ಗ ಎಸೆದರು. ಅಪ್ಪ ಹಿಡಿದರು, ಎಣ್ಣೆ ಕೈ ಜಾರಿತು, ಮತ್ತೆ ಹಿಡಿದರು, ಅಷ್ಟರಲ್ಲಿ ಅಲೆ ಜಾಸ್ತಿಯಾಯಿತು ಅಂತ ಬೋಟು ತಿರುಗಿಸಿಕೊಂಡು ಹೋಗಿಯೇಬಿಟ್ಟರು. ಎರಡನೇ ಬೋಟಿನವರು ಹಗ್ಗಕ್ಕೆ ಕುಣಿಕೆ ಹಾಕಿ ಕೊಟ್ಟರು. ಅಪ್ಪ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೇಲೆ ಬಂದರು. ಆಮೇಲೆ ಎಷ್ಟೋ ವರ್ಷ ಅವರು ಹೇಳುತ್ತಿದ್ದದ್ದು ಮೊದಲನೇ ಬೋಟಿನ ಮಾತೇ. ಹಗ್ಗ ಕೈಯಿಂದ ಎಳೆದುಕೊಂಡು ಹೋದದ್ದು ಅಂಗೈಗೆ ಇನ್ನೂ ಗೊತ್ತಾಗುತ್ತೆ ಅನ್ನುತ್ತಿದ್ದರು. ಬಿಸ್ಮಾರ್ಕ್ ನಾವಿಕರ ಕೈಯೂ ಎಣ್ಣೆ ಕೈಯೇ ಅಲ್ವಾ? ಹಡಗು ಹೊರಟಾಗ ಕೆಲವರು ಹಗ್ಗಕ್ಕೆ ಜೋತುಬಿದ್ದೇ ಇದ್ದರು.

ಇನ್ನೊಂದು ವರ್ಷದೊಳಗೆ, 1942ರ ಏಪ್ರಿಲ್ 5ರಂದು, ಸಿಲೋನ್‌ನ (ಈಗಿನ ಶ್ರೀಲಂಕಾ) ದಕ್ಷಿಣದ ಕಡಲಲ್ಲಿ ಜಪಾನಿನ ಬಾಂಬರ್‌ಗಳು ಇದೇ ಡಾರ್ಸೆಟ್‌ಶೈರನ್ನೂ ಜೊತೆಗಿದ್ದ ಕ್ರೂಸರ್ ಕಾರ್ನ್‌ವಾಲನ್ನೂ ಮುಳುಗಿಸಿದವು. ಬದುಕಿದವರು ರಾತ್ರಿಯೆಲ್ಲ ನೀರಿನಲ್ಲಿ ಕಾದರು. ಮರುದಿನ ಎಂಟರ್‌ಪ್ರೈಸ್ ಕ್ರೂಸರ್, ಪ್ಯಾಲಡಿನ್ ಮತ್ತು ಪ್ಯಾಂಥರ್ ಎಂಬ ಬ್ರಿಟನ್ನಿನ ಯುದ್ಧನೌಕೆಗಳು ಬಂದವು. ಜಪಾನಿನ ನೌಕಾಪಡೆ ಆ ಕಡಲು ಬಿಟ್ಟು ಹೋಗಿರಲಿಲ್ಲ. ಆದರೂ ನಿಂತು 1,122 ಜನರನ್ನು ಎತ್ತಿಕೊಂಡವು.